ಮೀನು ನಿಲ್ಲುವ ಮಡು

ಹರಿಯುವ ನೀರಿಗೆ ಹಳ್ಳ, ತೊರೆ, ಝರಿ, ಹೊಳೆ ಎಂದು ನಮ್ಮಲ್ಲಿ ಹೆಸರುಗಳು ಬಹಳ. ನಿಂತ ನೀರಿಗೂ ಕೆರೆ, ಕಟ್ಟೆ, ಕುಂಟೆ, ಕಲ್ಯಾಣಿ ಎಂದು ಹೆಸರುಗಳಿಗೆ ಬರವಿಲ್ಲ. ನಿಂತಂತೆ ಕಂಡರೂ ಒಳಗೊಳಗೆ ಹರಿಯುತ್ತಿರುವ ನೀರಿಗೂ ಒಂದು ಒಳ್ಳೆಯ ಹೆಸರಿದೆ: ಮಡು. ಮಡು ಎಂದೊಡನೆ ನಮಗೆ ನೆನಪಾಗುವವನು ಕಾಳಿಂಗ. ಆ ಕಥೆಯಲ್ಲಿ ಹೆಡೆಯ ಮೇಲಿನ ಕುಣಿತವನ್ನು ನೆನೆಯುವವರು ಬಹಳ. ಮಡು ಕೆಟ್ಟಿದೆಯೆಂಬುದು ಹೇಗೆ ತಿಳಿಯಿತೆಂಬುದನ್ನು ನೆನೆಯುವವರು ಕಡಿಮೆ. ಮೇಲೆ ಹಾರಿದ ಹಕ್ಕಿ ಸತ್ತು ಬಿತ್ತು, ದಡದ ಮರ ಒಣಗಿತು, ನೀರು ಕುಡಿದ ಹಸು ನೆಲಕ್ಕೊರಗಿತು. ನೀರಿನ ಗುಣವನ್ನು ಅದರ ಬಣ್ಣದಿಂದ ತೀರ್ಮಾನಿಸದೆ, ಅದನ್ನು ನಂಬಿದ ಜೀವಗಳಿಂದ ತೀರ್ಮಾನಿಸಿದ ಪುರಾಣಕಾರನು ನನ್ನ ಕಸುಬಿನವನೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ನನ್ನ ಕಸುಬು ಪ್ರಾಣಿಶಾಸ್ತ್ರದ ಪಾಠ. ಈಗ ನಿವೃತ್ತನಾಗಿ ಜಯನಗರದ ಮನೆಯಲ್ಲಿ ಹಳೆಯ ಪುಸ್ತಕಗಳ ಧೂಳು ಒರಸುತ್ತಿದ್ದೇನೆ. ಕಳೆದ ವರ್ಷ ಫೆಬ್ರವರಿಯ ಕೊನೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಆಕೆಯೂ ಈಗ ಉಪಾಧ್ಯಾಯಿನಿ; ಬನಶಂಕರಿಯ ಆರನೆಯ ಹಂತದಾಚೆ, ಕಲ್ಲುಗುಡ್ಡಗಳ ಮಗ್ಗುಲಲ್ಲಿ ಎದ್ದ ಹೊಸ ಬಡಾವಣೆಯೊಂದರಲ್ಲಿ ವಾಸ.

“ಮೇಷ್ಟ್ರೇ, ನಮ್ಮ ಮನೆಗಳ ಹಿಂದೆ ಒಂದು ಹಳ್ಳವಿದೆ. ಅದರಲ್ಲೊಂದು ಮಡು. ಮಕ್ಕಳೆಲ್ಲ ಸೇರಿ ಮೂರು ಭಾನುವಾರ ಕಸ ತೆಗೆದು ಚೊಕ್ಕಟ ಮಾಡಿದ್ದಾರೆ. ಯುಗಾದಿಯ ದಿನ ಅದಕ್ಕೆ ಮೀನು ಬಿಡಬೇಕೆಂದು ಎಲ್ಲರಿಗೂ ಆಸೆ. ಸಾವಿರ ಮರಿಗೆ ಆಗುವಷ್ಟು ಹಣವೂ ಕೂಡಿದೆ. ನೀವು ಒಂದು ಸಲ ಬಂದು ನೋಡಿ, ಆಗಬಹುದು ಎಂದುಬಿಟ್ಟರೆ ಸಾಕು.”

ಆಕೆ ನನ್ನ ಅಭಿಪ್ರಾಯ ಕೇಳಲು ಬಂದಿರಲಿಲ್ಲ. ಒಪ್ಪಿಗೆ ಕೇಳಲು ಬಂದಿದ್ದಳು. ಬೇರೆ ಯಾರಾದರೂ ಆಗಿದ್ದರೆ ಕಾಫಿ ಕುಡಿಸಿ ‘ಆಗಬಹುದು’ ಎಂದು ಕಳಿಸಿಬಿಡುತ್ತಿದ್ದೆನೇನೋ. ಆದರೆ ನನಗೆ ಒಂದು ಹಳೆಯ ಋಣ ಉಂಟು. ಸುಮಾರು ನಲವತ್ತು ವರ್ಷಗಳ ಹಿಂದೆ, ಬೇರೊಂದು ಜಿಲ್ಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ, ಊರ ಹೊರಗಿನ ಹಳ್ಳದ ಮಡುವಿಗೆ ನಾನೇ ಮುಂದಾಗಿ ಇನ್ನೂರು ಗೆಂಡೆಮರಿಗಳನ್ನು ವಿದ್ಯಾರ್ಥಿಗಳ ಕೈಯಿಂದ ಬಿಡಿಸಿದ್ದೆ. ನೀರು ತಿಳಿಯಾಗಿತ್ತು, ಆಳವೂ ಇದ್ದಂತೆ ತೋರಿತು. ಮೂರನೆಯ ದಿನ ಬೆಳಗ್ಗೆ ಹೋದಾಗ ಇನ್ನೂರರಲ್ಲಿ ಬಹುಪಾಲು ಹೊಟ್ಟೆ ಮೇಲಾಗಿ ತೇಲುತ್ತಿದ್ದುವು. “ಸಾರ್, ನೀರಿತ್ತಲ್ಲ?” ಎಂದು ಒಬ್ಬ ಹುಡುಗ ಕೇಳಿದ. ಅವನಿಗೆ ಆ ದಿನ ಕೊಡಬೇಕಾಗಿದ್ದ ಉತ್ತರವನ್ನು ಹುಡುಕುತ್ತ ನಾನು ಮುಂದೆ ಅನೇಕ ಮಡುಗಳ ದಡದಲ್ಲಿ ಕುಳಿತಿದ್ದೇನೆ.

ಮಾರನೆಯ ದಿನ ಮಧ್ಯಾಹ್ನ ಹೋಗಿ ನೋಡಿದೆ. ಹಳ್ಳದ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಹೇಳಿದರೆ ಮುಂದಿನ ಭಾನುವಾರವೇ ಅಲ್ಲಿ ಒಂದು ಬಜ್ಜಿಯ ಅಂಗಡಿ ಹುಟ್ಟಿಕೊಂಡೀತು. ಮಡು ಸುಮಾರು ನಲವತ್ತು ಅಡಿ ಉದ್ದ, ಹದಿನೆಂಟು ಅಡಿ ಅಗಲ. ಮೇಲ್ಗಡೆ ಒಂದು ಬಂಡೆ, ಅದರ ಕೆಳಗೆ ನೀರು ಧುಮುಕಿ ಕೊರೆದ ಗುಂಡಿ, ಕೆಳಗಡೆ ಬೆಣಚುಕಲ್ಲುಗಳ ಒಂದು ಕೋಡಿ. ಮಕ್ಕಳ ಶ್ರದ್ಧೆಯನ್ನು ಮೆಚ್ಚಲೇಬೇಕು. ಪ್ಲಾಸ್ಟಿಕ್ಕಿನ ಚೂರೂ ಇರಲಿಲ್ಲ. ಆದರೆ ಚೊಕ್ಕಟ ಮಾಡುವ ಉತ್ಸಾಹದಲ್ಲಿ ನೀರಿಗೆ ಒರಗಿದ್ದ ಹೊಂಗೆಯ ಕೊಂಬೆಗಳನ್ನೂ ಕಡಿದಿದ್ದರು; ಮುಳುಗಿದ್ದ ಒಂದು ದೊಡ್ಡ ಬೊಡ್ಡೆಯನ್ನು ಹಗ್ಗ ಕಟ್ಟಿ ದಡಕ್ಕೆ ಎಳೆದುಹಾಕಿದ್ದರು. ನೀರು ಹಸುರಾಗಿ, ಬಿಸಿಲಿನಲ್ಲಿ ಹೊಳೆಯುತ್ತ, ನೋಡುವವರಿಗೆ ಚೆಲುವಾಗಿತ್ತು.

ಮಡುವಿನ ಗುಣವನ್ನು ಅಳೆಯುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ, ಹರಿವು ನಿಂತಮೇಲೆ ಇದರಲ್ಲಿ ಏನು ಉಳಿಯುತ್ತದೆ ಎಂಬುದು. ಮಳೆಗಾಲದಲ್ಲಿ ಎಲ್ಲ ಹಳ್ಳಗಳೂ ಆಳವೇ. ಮೀನಿನ ಪರೀಕ್ಷೆ ನಡೆಯುವುದು ಬೇಸಿಗೆಯಲ್ಲಿ. ಇದಕ್ಕೆ ಅಮೆರಿಕದ ಥಾಮಸ್ ಲೈಲ್ ಎಂಬ ವಿಜ್ಞಾನಿ 1987ರಲ್ಲಿ ವಿವರಿಸಿದ ಒಂದು ಸರಳವಾದ ಲೆಕ್ಕವಿದೆ. ಮಡುವಿನ ಅತ್ಯಂತ ಆಳವಾದ ಜಾಗದಲ್ಲಿ ಕೋಲಿಟ್ಟು ಅಳೆಯುವುದು; ನೀರು ಹೊರಕ್ಕೆ ಹರಿಯುವ ಕೋಡಿಯ ಮೇಲೆ ಎಷ್ಟು ನೀರಿದೆಯೆಂದು ಅಳೆಯುವುದು; ಮೊದಲನೆಯದರಿಂದ ಎರಡನೆಯದನ್ನು ಕಳೆಯುವುದು. ಉಳಿದದ್ದೇ ಮಡುವಿನ ನಿಜವಾದ ಆಳ. ಹರಿವು ಪೂರ್ತಿಯಾಗಿ ನಿಂತ ದಿನ ಮಡುವಿನಲ್ಲಿ ನಿಲ್ಲುವ ನೀರು ಅಷ್ಟೆ. ಇದನ್ನು ‘ಉಳಿಯಾಳ’ ಎಂದು ಕರೆಯೋಣ. ಈ ಲೆಕ್ಕದ ಸೊಗಸೆಂದರೆ, ಶ್ರಾವಣದಲ್ಲಿ ಅಳೆದರೂ ಮಾಘದಲ್ಲಿ ಅಳೆದರೂ ಉತ್ತರ ಬಹುಮಟ್ಟಿಗೆ ಒಂದೇ. ಹಳ್ಳದ ಉಬ್ಬರವನ್ನು ನೋಡಿ ನಾವು ಮೋಸಹೋಗುವಂತಿಲ್ಲ.

ನಾವು ಅಳೆದೆವು. ಆಳ ಐದು ಅಡಿ. ಕೋಡಿಯ ಮೇಲೆ ನಾಲ್ಕು ಅಂಗುಲ. ಉಳಿಯಾಳ ನಾಲ್ಕು ಅಡಿ ಎಂಟು ಅಂಗುಲ. ನನ್ನ ಶಿಷ್ಯೆಯ ಮುಖ ಅರಳಿತು. “ಮೀನಿಗೆ ಸಾಲದೇ ಮೇಷ್ಟ್ರೇ?” ಎಂದಳು.

ಸಾಕು, ಆದರೆ ಲೆಕ್ಕ ಮುಗಿದಿರಲಿಲ್ಲ. ಬೇಸಿಗೆಯ ಬಿಸಿಲಿಗೆ ನಿಂತ ನೀರು ನಮ್ಮ ಕಡೆ ಸರಾಸರಿ ದಿನಕ್ಕೆ ಕಾಲಂಗುಲದಷ್ಟು ಆವಿಯಾಗುತ್ತದೆಂದು ಇಟ್ಟುಕೊಂಡರೂ, ಜನವರಿಯಿಂದ ಮೇ ಮೊದಲ ಮಳೆಯವರೆಗೆ ಎರಡೂವರೆ ಅಡಿ ಹೋಯಿತು. ಉಳಿಯುವುದು ಎರಡು ಅಡಿ ಚಿಲ್ಲರೆ. ಹೀಗೆ ಹೇಳುತ್ತಿರುವಾಗಲೇ ನನ್ನ ಕಣ್ಣು ಕೋಡಿಯ ಮೇಲೆ ಬಿತ್ತು. ಅಲ್ಲಿ ನಾಲ್ಕು ಅಂಗುಲ ನೀರು ಹರಿಯುತ್ತಿತ್ತು! ಫೆಬ್ರವರಿಯ ಕೊನೆಯಲ್ಲಿ, ಬೆಂಗಳೂರಿನ ಕಲ್ಲುನೆಲದ ಒಂದು ಸಣ್ಣ ಹಳ್ಳ ಹರಿಯುವುದೆಂದರೇನು? ಬತ್ತಬೇಕಾದದ್ದು ಬತ್ತಲಿಲ್ಲವೆಂದರೆ ಸಂತೋಷಪಡುವುದಕ್ಕೆ ಮೊದಲು ಅನುಮಾನಪಡಬೇಕು.

ದಡದಲ್ಲಿ ಎರಡು ಹಸು ಮೇಯಿಸುತ್ತಿದ್ದ ಮುದುಕರೊಬ್ಬರನ್ನು ಕೇಳಿದೆ. “ಯಜಮಾನರೇ, ಈ ಹಳ್ಳ ಮೊದಲಿಂದಲೂ ಹೀಗೇ ಹರೀತದೆಯೇ?”

“ಎಲ್ಲಿ ಸ್ವಾಮಿ, ಶಿವರಾತ್ರಿಗೆ ನಿಂತೋಗ್ತಿತ್ತು. ಈ ಮಡಿನಾಗೆ ಮಾತ್ರ ಸೊಂಟದುದ್ದ ನೀರು ಇರ್ತಿತ್ತು. ನಾವು ಹುಡುಗ್ರು ಕೈಯಾಗೇ ಮೀನು ಹಿಡೀತಿದ್ವಿ. ಮನೆಗಳು ಬಂದಮ್ಯಾಕೆ ವರ್ಷವಿಡೀ ಹರೀತದೆ. ನೀರಿರ್ತದೆ, ಮೀನಿರಾಕಿಲ್ಲ.”

ಪ್ರಾಣಿಶಾಸ್ತ್ರದ ಒಂದು ಅಧ್ಯಾಯವನ್ನೇ ಆತ ಎರಡು ಮಾತಿನಲ್ಲಿ ಮುಗಿಸಿಬಿಟ್ಟರು.

ಎರಡನೆಯ ಪರೀಕ್ಷೆ ಹೂಳಿನದು. ಒಂದು ಕಬ್ಬಿಣದ ಸಲಾಕಿಯನ್ನು ಮಡುವಿನ ತಳಕ್ಕೆ ಊರಿ ಒತ್ತಿದರೆ ಗಟ್ಟಿ ನೆಲ ತಗುಲುವವರೆಗೂ ಅದು ಇಳಿಯುತ್ತದೆ. ನಮ್ಮ ಸಲಾಕಿ ಎರಡೂವರೆ ಅಡಿ ಇಳಿಯಿತು. ಅಂದರೆ ಆ ಜಾಗದಲ್ಲಿ ಮುದುಕರ ಬಾಲ್ಯದ ಮಡುವಿನ ಮೂರರಲ್ಲಿ ಒಂದು ಪಾಲು ಈಗ ಮಣ್ಣು. ಮಡುವಿನಲ್ಲಿ ಹೂಳು ತುಂಬುವುದೆಂದರೆ ಮನೆಯೊಳಗೆ ಜಾಗ ಕಡಿಮೆಯಾಯಿತೆಂದಷ್ಟೇ ಅಲ್ಲ. ನಮ್ಮ ಹಳ್ಳಗಳ ಅನೇಕ ಮೀನುಗಳು ಬೆಣಚುಕಲ್ಲಿನ ಸಂದುಗಳಲ್ಲಿ ಮೊಟ್ಟೆಯಿಡುತ್ತವೆ; ಕಲ್ಲಿಗೆ ಬಾಯೊತ್ತಿ ಪಾಚಿ ತಿಂದು ಬದುಕುವ ಗಾರಾ ಜಾತಿಯ ಮೀನುಗಳಿಗೆ ತೊಳೆದಂತಹ ಕಲ್ಲೇ ಊಟದ ಎಲೆ. ಸಂದು ಮುಚ್ಚಿದರೆ ಸಂತಾನವಿಲ್ಲ, ಕಲ್ಲು ಮುಚ್ಚಿದರೆ ಊಟವಿಲ್ಲ. ನಮ್ಮ ದಕ್ಷಿಣದ ಬಡಾವಣೆಗಳಲ್ಲಿ ಪಾಯ ತೋಡಿದ ಕೆಮ್ಮಣ್ಣು ಒಂದೊಂದು ಮಳೆಗೂ ಇಂತಹ ಮಡುಗಳಿಗೇ ಬಂದು ಸೇರುತ್ತದೆ.

ಮೂರನೆಯದು ಮರೆ. ಅಮೆರಿಕದ ಮೀನುಗಾರಿಕೆಯವರು 1980ರ ದಶಕದಲ್ಲಿ ಟ್ರೌಟ್ ಮೀನಿಗಾಗಿ ಮಡುಗಳನ್ನು ನಮ್ಮ ಪರೀಕ್ಷೆಗಳಂತೆ ಮೂರು ದರ್ಜೆಗಳಲ್ಲಿ ವಿಂಗಡಿಸಿದರು. ಆಳದಿಂದಲೋ, ನೊರೆನೀರಿನಿಂದಲೋ, ಬೊಡ್ಡೆ, ಬಂಡೆ, ಬಾಗಿದ ಕೊಂಬೆಗಳಿಂದಲೋ ತಳದ ನೂರರಲ್ಲಿ ಮೂವತ್ತು ಪಾಲಿಗಿಂತ ಹೆಚ್ಚು ಕಣ್ಣಿಗೆ ಕಾಣದಂತಿದ್ದರೆ ಅದು ಮೊದಲ ದರ್ಜೆ. ಐದರಿಂದ ಮೂವತ್ತು ಪಾಲಿದ್ದರೆ ಎರಡನೆಯದು. ತೆರೆದು ಬಿದ್ದ ಗುಂಡಿ ಮೂರನೆಯದು. ಟ್ರೌಟು ತಣ್ಣೀರಿನ ಮೀನು. ಆ ಅಂಕೆಗಳನ್ನು ನಮ್ಮ ಗೆಂಡೆ, ಕೊರವಗಳಿಗೆ ಹಾಗೆಯೇ ಹೊದಿಸುವುದು ಸರಿಯಲ್ಲ. ಆದರೆ ಮಿಂಚುಳ್ಳಿಗೂ ಕೊಕ್ಕರೆಗೂ ಹೆದರದ ಮೀನು ಯಾವ ದೇಶದಲ್ಲಿಯೂ ಇಲ್ಲ. ಮಕ್ಕಳು ದಡಕ್ಕೆ ಎಳೆದುಹಾಕಿದ್ದ ಆ ಬೊಡ್ಡೆಯೇ ಮಡುವಿನ ಅತ್ಯುತ್ತಮವಾದ ಕೋಣೆಯಾಗಿತ್ತೆಂದು ಅವರಿಗೆ ಹೇಗೆ ಹೇಳುವುದು? ಕೊನೆಗೆ ಹೇಳಿದೆ. ಒಬ್ಬ ಹುಡುಗಿ ಮಾತ್ರ, “ಹಾಗಾದರೆ ವಾಪಸು ಹಾಕೋಣ” ಎಂದಳು. ಹಾಕಿದೆವು. ಎಳೆಯುವುದಕ್ಕಿಂತ ಹಾಕುವುದೇ ಕಷ್ಟವಾಯಿತು.

ಇನ್ನು ಉಸಿರಿನ ಮಾತು. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ನನ್ನ ಇನ್ನೂರು ಮರಿಗಳು ಸತ್ತದ್ದು ಇದರಿಂದಲೇ.

ನೀರಿನಲ್ಲಿ ಕರಗಿದ ಆಮ್ಲಜನಕವೇ ಮೀನಿನ ಉಸಿರು. ತಣ್ಣೀರಿನಲ್ಲಿ ಅದು ಹೆಚ್ಚು ಕರಗುತ್ತದೆ, ಬಿಸಿನೀರಿನಲ್ಲಿ ಕಡಿಮೆ. ಸಮುದ್ರಮಟ್ಟದಲ್ಲಿ 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆಯಷ್ಟೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇದರಲ್ಲಿಯೂ ಹತ್ತರಲ್ಲೊಂದು ಪಾಲು ಕಡಿಮೆ. ಮೀನು ಸಾಕುವುದಕ್ಕೆ ತಕ್ಕ ನೀರೆನ್ನಬೇಕಾದರೆ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕೆಂದು ನಮ್ಮ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವಿಂಗಡಣೆ ಹೇಳುತ್ತದೆ. ಅಳೆಯಲು ಈಗ ಕೈಯಲ್ಲಿ ಹಿಡಿಯುವ ಯಂತ್ರಗಳಿವೆ. ನಾನು ಹಳೆಯ ಕಾಲದವನು. ಹಂಗೆರಿಯ ವಿಂಕ್ಲರ್ 1888ರಲ್ಲಿ ಕಂಡುಹಿಡಿದ ವಿಧಾನವನ್ನೇ ನಂಬಿದವನು. ಗಾಳಿಗುಳ್ಳೆ ಸೇರದಂತೆ ಸೀಸೆಯಲ್ಲಿ ನೀರು ತುಂಬಿ, ಮ್ಯಾಂಗನೀಸ್ ಲವಣದ ದ್ರಾವಣವನ್ನೂ ಕ್ಷಾರ ಬೆರೆತ ಅಯೊಡೈಡನ್ನೂ ಹಾಕಿದರೆ ಒಂದು ಗಸಿ ಇಳಿಯುತ್ತದೆ. ಆಮ್ಲಜನಕವಿದ್ದರೆ ಗಸಿ ಕಂದು, ಇಲ್ಲದಿದ್ದರೆ ಬಿಳುಪು. ನಿಖರವಾದ ಲೆಕ್ಕಕ್ಕೆ ಮುಂದೆ ಇನ್ನೂ ಕೆಲಸವುಂಟು. ಆದರೆ ಮಕ್ಕಳಿಗೆ ಆ ಬಣ್ಣವೇ ಸಾಕು.

ಆ ಮಧ್ಯಾಹ್ನ ಮೂರು ಗಂಟೆಗೆ ತೆಗೆದ ಸೀಸೆಯಲ್ಲಿ ಗಾಢವಾದ ಕಂದು ಗಸಿ ಇಳಿಯಿತು. ಲೆಕ್ಕ ಹಾಕಿದಾಗ ಲೀಟರಿಗೆ 11 ಮಿಲಿಗ್ರಾಂ! ನೀರು ತಾನಾಗಿ ಹಿಡಿಯಬಲ್ಲದ್ದಕ್ಕಿಂತ ಹೆಚ್ಚು. ಮಕ್ಕಳು ಚಪ್ಪಾಳೆ ತಟ್ಟಿದರು. “ಮೇಷ್ಟ್ರೇ, ಇನ್ನೇನು?” ಎಂದಳು ಶಿಷ್ಯೆ.

“ನಾಳೆ ಬೆಳಗಿನ ಜಾವ ಐದೂವರೆಗೆ ಬರೋಣಮ್ಮ” ಎಂದೆ.

ನೀರು ಹಸುರಾಗಿದ್ದದ್ದು ಸೂಕ್ಷ್ಮಪಾಚಿಯಿಂದ. ಹಗಲು ಬಿಸಿಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತದೆ. ರಾತ್ರಿ ಅದೂ ಉಸಿರಾಡುತ್ತದೆ. ತಳದ ಕೊಳೆಯನ್ನು ತಿನ್ನುವ ಜೀವಾಣುಗಳು ಹಗಲಿರುಳೂ ಉಸಿರಾಡುತ್ತವೆ. ಹೀಗಾಗಿ ಕೊಳಚೆ ಸೇರಿದ ಮಡು ಹಗಲು ಕುಬೇರ, ಬೆಳಗಿನ ಜಾವಕ್ಕೆ ಕುಚೇಲ. ಮೀನು ಸಾಯಲು ಇಡೀ ದಿನ ನೀರು ಕೆಟ್ಟಿರಬೇಕಾಗಿಲ್ಲ. ಒಂದು ಗಂಟೆ ಕೆಟ್ಟರೆ ಸಾಕು. ನಲವತ್ತು ವರ್ಷದ ಹಿಂದೆ ನಾನು ನೀರನ್ನು ನೋಡಿದ್ದು ನಡುಹಗಲಿನಲ್ಲಿ.

ಮಾರನೆಯ ದಿನ ನಸುಗತ್ತಲಲ್ಲಿ ಟಾರ್ಚಿನ ಬೆಳಕಿನಲ್ಲಿ ಸೀಸೆ ತುಂಬಿದೆವು. ಶಿಷ್ಯೆ, ನಾನು, ನಿದ್ದೆಗಣ್ಣಿನ ಐವರು ಮಕ್ಕಳು. ಗಸಿ ಇಳಿಯಿತು. ಅದು ಹೆಚ್ಚುಕಡಿಮೆ ಹಾಲಿನಂತಿತ್ತು. ಲೆಕ್ಕಕ್ಕೆ 1.4 ಮಿಲಿಗ್ರಾಂ. ಯಾರೂ ಮಾತಾಡಲಿಲ್ಲ.

ಇಷ್ಟು ಸಣ್ಣ ಮಡುವಿಗೆ ಇಷ್ಟೊಂದು ವಿಚಾರಣೆ ಏಕೆಂದು ಓದುಗರು ಕೇಳಬಹುದು. ನಮ್ಮ ದಕ್ಷಿಣ ಬೆಂಗಳೂರು ಒಂದು ದಿಣ್ಣೆಯ ಎರಡು ಇಳಿಜಾರುಗಳ ಮೇಲೆ ಕುಳಿತಿದೆ. ಪೂರ್ವದ ಇಳಿಜಾರಿನ ನೀರು ಮಡಿವಾಳ, ಅಗರ, ಬೆಳ್ಳಂದೂರು, ವರ್ತೂರುಗಳ ದಾರಿಯಾಗಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಪಶ್ಚಿಮದ ನೀರು ವೃಷಭಾವತಿಗೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದಳೆಂದು ಪ್ರತೀತಿಯಿರುವ ಈ ಹೊಳೆ ಕೆಂಗೇರಿಯನ್ನು ದಾಟಿ, ಬೈರಮಂಗಲದ ಕೆರೆಯನ್ನು ಹಾದು, ಅರ್ಕಾವತಿಯನ್ನು ಸೇರುತ್ತದೆ. ಅರ್ಕಾವತಿ ಕನಕಪುರದಾಚೆ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ನಮ್ಮ ಮಡುವಿನ ಕೋಡಿಯ ನಾಲ್ಕು ಅಂಗುಲ ನೀರಿನ ಊರೂ ಅದೇ. “ಈ ನೀರು ಎಲ್ಲಿಗೆ ಹೋಗತ್ತೆ?” ಎಂದು ಮಕ್ಕಳಲ್ಲೊಬ್ಬ ಕೇಳಿದ್ದರಿಂದ, ಮಾರ್ಚಿಯ ಒಂದು ಭಾನುವಾರ ಅವರನ್ನು ಕರೆದುಕೊಂಡು ಕನಕಪುರದ ರಸ್ತೆಯಲ್ಲಿ ಸಂಗಮಕ್ಕೇ ಹೋದೆವು.

ಸಂಗಮದ ಮೇಲಿನ ಕಾವೇರಿಯಲ್ಲಿ ಮುತ್ತತ್ತಿ, ಭೀಮೇಶ್ವರಿ, ಗಾಳಿಬೋರೆಗಳ ಮಡುಗಳು ಹೆಸರಾದವು. ಸೀತೆಯ ಮೂಗುತಿ ಬಿದ್ದು ಹನುಮಂತ ಬಾಲದಿಂದ ಕಲಕಿ ತೆಗೆದನೆಂದು ಹೇಳುವ ಮಡು ಮುತ್ತತ್ತಿಯದು. ಮನುಷ್ಯರಿಗೆ ಅದು ಅಪಾಯದ ಸ್ಥಳ. ನೋಡುವುದಕ್ಕೆ ಶಾಂತವಾಗಿರುವ ನೀರು ಈಜುಗಾರರನ್ನೂ ಒಳಕ್ಕೆಳೆದುಕೊಂಡಿದೆ. ಮೀನಿನ ಕಡೆಯಿಂದ ನೋಡಿದರೆ ಕಲ್ಲುಬಂಡೆಗಳ ನಡುವಿನ ಈ ಆಳಗಳು ಅರಮನೆಗಳು. ಬೆನ್ನಿನ ಮೇಲೆ ಗೂನುಳ್ಳ ಮಹಶೀರ್ ಎಂಬ ಮೀನರಾಜ ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಪ್ರಪಂಚದ ಬೇರೆಲ್ಲಿಯೂ ಇಲ್ಲ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಹಾಕಿ ಹಿಡಿದದ್ದು 120 ಪೌಂಡು ತೂಗಿತು.

ಗಾಳಿಬೋರೆಯಲ್ಲಿ ಮೀನನ್ನು ಹಿಡಿದು, ತೂಗಿ, ಮತ್ತೆ ನೀರಿಗೇ ಬಿಡುವ ಹವ್ಯಾಸಿಗಳ ಶಿಬಿರವಿತ್ತು. ಅವರ ದಿನಚರಿ ಪುಸ್ತಕಗಳಲ್ಲಿ 1998ರಿಂದ 2012ರವರೆಗಿನ ಲೆಕ್ಕವಿದೆ. 2015ರಲ್ಲಿ ವಿಜ್ಞಾನಿಗಳು ಆ ಪುಸ್ತಕಗಳನ್ನು ತೆಗೆದು ಕೂಡಿ ಕಳೆದು ನೋಡಿದಾಗ ತಿಳಿದದ್ದು ವಿಚಿತ್ರ. ಗಾಳಕ್ಕೆ ಬೀಳುವ ಮಹಶೀರ್‌ಗಳ ಸಂಖ್ಯೆ ಹೆಚ್ಚುತ್ತಲೇ ಹೋಗಿತ್ತು. ಆದರೆ ಹೆಚ್ಚಿದ್ದು ಬೇರೆ ಕಡೆಯಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಗೂನುಬೆನ್ನಿನದು ಕಣ್ಮರೆಯ ಅಂಚಿಗೆ ಬಂದಿತ್ತು. ಅದಕ್ಕೆ ವೈಜ್ಞಾನಿಕವಾದ ಖಚಿತ ಹೆಸರು ದೊರೆತದ್ದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ತೀರ ಹತ್ತಿರದಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳುಗಣಿ, ಸಿಡಿಮದ್ದಿನ ಬೇಟೆ ಎಲ್ಲದರ ಮೇಲೂ ಆಪಾದನೆಯಿದೆ. ಒಳ್ಳೆಯ ಮನಸ್ಸಿನಿಂದ ಮರಿ ತಂದು ನೀರಿಗೆ ಬಿಟ್ಟವರ ಮೇಲೂ ಇದೆ. ಬಿಟ್ಟವರು ಬಂದದ್ದು ಹೊಳೆಯನ್ನು ಉದ್ಧರಿಸುವುದಕ್ಕೆಂದೇ! ಮಡುವಿನ ತುಂಬ ಮೀನಿರುವುದು ಮಡು ಚೆನ್ನಾಗಿದೆಯೆಂಬುದಕ್ಕೆ ಸಾಕ್ಷಿಯಲ್ಲ ಎಂಬ ಮಾತನ್ನು ನಾನು ಮಕ್ಕಳಿಗೆ ಸಂಗಮದ ಮರಳಿನ ಮೇಲೆ ಕುಳಿತು ಹೇಳಿದೆ. ಎಷ್ಟು ಮಂದಿಗೆ ತಿಳಿಯಿತೋ, ಅವರ ಗಮನವೆಲ್ಲ ಹರಿಗೋಲಿನ ಮೇಲಿತ್ತು.

ಯುಗಾದಿಗೆ ನಾಲ್ಕು ದಿನವಿರುವಾಗ ಬಡಾವಣೆಯವರ ಸಭೆ ಸೇರಿತು. ನಾನು ಬೇಡವೆಂದೆ. ಕಾರಣಗಳನ್ನೂ ಹೇಳಿದೆ. ಸಭೆಗೆ ಬೇಸರವಾಯಿತು. ನನ್ನ ವಯಸ್ಸಿನವರೇ ಆದ ಒಬ್ಬ ಸದ್ಗೃಹಸ್ಥರು, “ಗೆಂಡೆ ಬದುಕದಿದ್ದರೆ ಬೇಡ ಸ್ವಾಮಿ, ಬದುಕುವಂಥದನ್ನೇ ಬಿಡೋಣ. ಆಫ್ರಿಕಾದ ಕ್ಯಾಟ್‌ಫಿಶ್ ಚರಂಡಿಯಲ್ಲೂ ಬದುಕುತ್ತದಂತಲ್ಲ?” ಎಂದರು. ಬದುಕುತ್ತದೆ, ನೀರಿನಲ್ಲಿ ಉಸಿರಿಲ್ಲದಿದ್ದರೆ ಬಾಯಿ ಮೇಲೆತ್ತಿ ಗಾಳಿಯನ್ನೇ ನುಂಗುತ್ತದೆ. ಮಡುವಿನ ಉಳಿದೆಲ್ಲವನ್ನೂ ನುಂಗುತ್ತದೆ. ಅದಕ್ಕಾಗಿಯೇ ಅದರ ಸಾಕಣೆಯನ್ನು ಸರ್ಕಾರ 2000ದಲ್ಲಿ ನಿಷೇಧಿಸಿದ್ದು. ಇನ್ನೊಬ್ಬರು ಟಿಲಾಪಿಯದ ಮಾತೆತ್ತಿದರು; 1952ರಲ್ಲಿ ನಮ್ಮ ದೇಶಕ್ಕೆ ಬಂದ ಅದು ಈಗ ಯಾರೂ ಬಿಡದೆಯೇ ಎಲ್ಲ ಕೆರೆಗಳಲ್ಲೂ ಇದೆಯೆಂದು ಹೇಳಿದೆ. “ಹಾಗಾದರೆ ನಾವು ಮಾಡುವುದೇನು? ಸುಮ್ಮನಿರುವುದೇ?” ಎಂದರು ಮೂರನೆಯವರು. ಅವರ ಸಿಟ್ಟು ನ್ಯಾಯವಾದದ್ದೇ. ಬಡಾವಣೆಯ ಯಾವ ಕೊಳವೆ ಹಳ್ಳಕ್ಕೆ ಬಾಯಿ ತೆರೆದಿದೆಯೆಂದು ಹುಡುಕುವುದು, ಅದಕ್ಕೆ ಅರ್ಜಿ ಕೊಟ್ಟು ಅಲೆಯುವುದು, ಅಗೆದ ಮಣ್ಣಿಗೆ ಒಡ್ಡು ಹಾಕುವುದು, ಹೊಂಗೆ ಚಿಗುರುವವರೆಗೆ ಕಾಯುವುದು ಇವೆಲ್ಲ ಹಬ್ಬದ ದಿನ ಫೋಟೋ ತೆಗೆಯಬಹುದಾದ ಕೆಲಸಗಳಲ್ಲ. ನನ್ನ ಶಿಷ್ಯೆ ಆ ಸಂಜೆ ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಸಾವಿರ ಮಕ್ಕಳಿಗೆ ಪಾಠ ಹೇಳಿದ ಮೇಲೂ ಒಬ್ಬ ವಿದ್ಯಾರ್ಥಿನಿಗೆ ‘ಬೇಡ’ ಎನ್ನುವುದು ಸುಲಭವಲ್ಲ.

ಕೊಳವೆಗಳು ಮೂರು ಸಿಕ್ಕಿದುವು. ಎರಡನ್ನು ಮನೆಯವರೇ ಒಪ್ಪಿ ಮುಚ್ಚಿಸಿದರು. ಮೂರನೆಯದರ ಅರ್ಜಿ ಇನ್ನೂ ಒಂದು ಮೇಜಿನಿಂದ ಇನ್ನೊಂದಕ್ಕೆ ಹರಿಯುತ್ತಿದೆ. ಅದರ ದಾರಿಯಲ್ಲಿಯೂ ಮಡುಗಳು ಬಹಳ.

ಮಕ್ಕಳು ಮಾತ್ರ ಅಳೆಯುವ ಕೆಲಸವನ್ನು ಬಿಡಲಿಲ್ಲ. ತಿಂಗಳಿಗೊಂದು ಭಾನುವಾರ ನಸುಕಿನಲ್ಲಿ ಕೋಲು, ಸಲಾಕಿ, ಸೀಸೆಗಳೊಡನೆ ಹೋಗುತ್ತಾರೆ; ಕೈಗೆ ರಾಸಾಯನಿಕ ತಗಲಬಾರದೆಂದು ಸೀಸೆಯ ಕೆಲಸ ಶಿಷ್ಯೆಯದು. ಪುಸ್ತಕದಲ್ಲಿ ಬರೆದದ್ದನ್ನು ನನಗೆ ತಂದು ತೋರಿಸುತ್ತಾರೆ. ಮಳೆಗಾಲದ ಮೇಲೆ ಹೂಳು ಮೂರು ಅಂಗುಲ ಹೆಚ್ಚಿತ್ತು. ಈ ವರ್ಷ ಫೆಬ್ರವರಿಯಲ್ಲಿ ಕೋಡಿಯ ಮೇಲೆ ನೀರು ಒಂದು ಅಂಗುಲಕ್ಕೆ ಇಳಿದಿತ್ತು. ಬೆಳಗಿನ ಜಾವದ ಗಸಿ ಹಾಲಿನ ಬಣ್ಣ ಬಿಟ್ಟು ತೆಳುವಾದ ಚಹದ ಬಣ್ಣಕ್ಕೆ ಬಂದಿತ್ತು: 2.3 ಮಿಲಿಗ್ರಾಂ.

ಅದೇ ದಿನದ ಪುಟದ ಕೆಳಗೆ ಒಬ್ಬ ಹುಡುಗ ದೊಡ್ಡ ಅಕ್ಷರದಲ್ಲಿ ‘ಮೀನು: 1’ ಎಂದು ಬರೆದು ಎರಡು ಗೆರೆ ಎಳೆದಿದ್ದ. ಹೇಗಿತ್ತಪ್ಪ ಎಂದು ಕೇಳಿದೆ. ಗೇಣುದ್ದ, ಹಾವಿನಂಥ ತಲೆ, ಬೊಡ್ಡೆಯ ಕೆಳಗಿನಿಂದ ಬಂತು, ನೀರಿನ ಮೇಲೆ ಬಾಯಿ ತೆರೆದು ಮತ್ತೆ ಒಳಗೆ ಹೋಯಿತು ಎಂದ. ಕೊರವ ಇರಬೇಕು, ಅದೂ ಗಾಳಿ ನುಂಗುವ ಜಾತಿಯೇ. “ಬಾಯಿ ತೆರೆದದ್ದನ್ನೂ ಬರೆ” ಎಂದೆ. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಪೆನ್ಸಿಲು ತೆಗೆದು, ಎರಡು ಗೆರೆಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ.